ಹತ್ತು ಮಕ್ಕಳ ಲೆಕ್ಕ

(ಮುಂಬಯಿಯಲ್ಲಿ ಸಂಘವು ಕರೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರನಾಡಿನ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ನಮ್ಮ ವೇದಿಕೆಗಳಲ್ಲಿ ಕೇಳಿಬರುವುದು ಎರಡೇ ರಾಗ. ನಮ್ಮವರಿಗೇ ಕನ್ನಡ ಬೇಡವಾಗಿದೆ ಎಂಬ ವಿಷಾದ ಒಂದು. ಸರಕಾರ ನಮ್ಮ ಕೈಬಿಟ್ಟಿತು ಎಂಬ ದೂರು ಇನ್ನೊಂದು. ಈ ನಗರದ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು ನಾನು. ನಿವೃತ್ತಿಯ ಬಳಿಕವೂ ಪ್ರತಿ ಜೂನ್ ತಿಂಗಳಲ್ಲಿ ಪಾಲಕರ ಜತೆ ಶಾಲೆಗಳನ್ನು ಕಚೇರಿಗಳನ್ನು ಸುತ್ತುತ್ತಿದ್ದೇನೆ. ಈ ಎರಡು ರಾಗಗಳಲ್ಲಿ ಸತ್ಯಾಂಶ ಇಲ್ಲವೆಂದು ನಾನು ಹೇಳಲಾರೆ. ಆದರೆ ಎರಡರಲ್ಲೂ ಬಾರದ ಒಂದು ವಸ್ತುವಿದೆ. ಅದು ಶಾಲೆಯ ಕಚೇರಿಯ ಮೇಜಿನ ಮೇಲಿರುವ ರಜಿಸ್ಟರು.

ಮುಂಬಯಿ ಕನ್ನಡಿಗರ ಶಿಕ್ಷಣದ ಇತಿಹಾಸ ರಾತ್ರಿಶಾಲೆಗಳಿಂದ ಬೆಳೆದದ್ದು ತಮಗೆಲ್ಲ ತಿಳಿದ ಸಂಗತಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಪಾಟಿ ಹಿಡಿದ ಹುಡುಗರಿಗೆ ಊರಿನಲ್ಲಿದ್ದ ತಂದೆ ತಾಯಿ ಶಾಲೆ ಆಯ್ದು ಕೊಡಲಿಲ್ಲ. ಅವರು ತಾವಾಗಿ ಹೋಗಿ ಹೆಸರು ಬರೆಸಿದರು. ಅವರ ಮಕ್ಕಳು ಪಾಲಿಕೆಯ ಕನ್ನಡ ಶಾಲೆಗೆ ಬಂದರು, ಮೊಮ್ಮಕ್ಕಳು ಇಂಗ್ಲಿಷಿಗೆ ಹೋದರು. ಇದನ್ನು ಪತನವೆಂದು ಕರೆಯುವವರ ಸಾಲಿನಲ್ಲಿ ನಾನಿಲ್ಲ. ಇಂದು ನಮ್ಮ ಕನ್ನಡ ಶಾಲೆಗಳ ಬೆಂಚಿನ ಮೇಲೆ ನಾನು ಹೆಚ್ಚಾಗಿ ಕಂಡದ್ದು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳನ್ನು. ಸಂಘದ ವಾರ್ಷಿಕೋತ್ಸವಗಳಲ್ಲಿ ಆ ಪಾಲಕರು ಕಾಣುವುದಿಲ್ಲ. ಕನ್ನಡ ಶಾಲೆ ಮುಚ್ಚಿದರೆ ನಮಗೆ ನೋವು, ಅವರಿಗೆ ನಷ್ಟ. ಈ ಅಂತರವನ್ನು ಮರೆತು ಮಾತಾಡುವುದು ಸುಲಭ.

ಈಗ ಹಕ್ಕಿನ ಮಾತು. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿನಲ್ಲಿ, 1956ರ ಏಳನೆಯ ತಿದ್ದುಪಡಿಯಿಂದ, ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ನೀಡಲು ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು ಎಂದು ಅದರ ಸಾರ. ಸ್ಥಳೀಯ ಸಂಸ್ಥೆ ಎಂದರೆ ನಮ್ಮ ಪಾಲಿಕೆಯೂ ಹೌದು. ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಅದು ಶಾಲೆ ನಡೆಸುತ್ತ ಬಂದಿದೆ. ಆದರೆ ‘ಪ್ರಯತ್ನಿಸತಕ್ಕದ್ದು’ ಎಂಬ ಪದವನ್ನು ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಮಾತೃಭಾಷಾ ಮಾಧ್ಯಮವನ್ನು ಹೇಳುವಾಗ ‘ಸಾಧ್ಯವಾದ ಮಟ್ಟಿಗೆ’ ಎಂದೇ ಹೇಳಿತು. ಇಂಥ ಮೆತ್ತನೆಯ ಪದಗಳಿಗೆ ಎಲುಬು ಕೊಡುವುದು ಅಂಕಿ.

ಆ ಅಂಕಿ ಹಳೆಯದು. 1949ರಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತು: ಇಡೀ ಶಾಲೆಯಲ್ಲಿ 40 ಮಕ್ಕಳು, ಇಲ್ಲವೆ ಒಂದು ತರಗತಿಯಲ್ಲಿ 10 ಮಕ್ಕಳು ಒಂದು ಭಾಷೆಯವರಿದ್ದರೆ, ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕು. ಮುಂದೆ ಬೆಳೆದುಬಂದ ರಕ್ಷಣಾ ಯೋಜನೆ ಇನ್ನೊಂದು ಹೆಜ್ಜೆ ಇಟ್ಟಿತು. ಶಾಲಾ ವರ್ಷ ಆರಂಭವಾಗುವ ಮೂರು ತಿಂಗಳು ಮೊದಲೇ ಶಾಲೆಗಳಲ್ಲಿ ಮುಂಗಡ ರಜಿಸ್ಟರು ತೆರೆದಿಟ್ಟು ಭಾಷಾ ಅಲ್ಪಸಂಖ್ಯಾತ ಪಾಲಕರ ಇಚ್ಛೆಯನ್ನು ಬರೆದುಕೊಳ್ಳಬೇಕು. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಗಳ ನಡುವೆ ಹೊಂದಾಣಿಕೆ ಮಾಡಬೇಕು. ಇವು ಸರಕಾರಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದಗಳು, ಶಾಸನದ ಬಲ ಇವುಗಳಿಗಿಲ್ಲ. ಅಷ್ಟರಿಂದ ನಿರರ್ಥಕವೂ ಅಲ್ಲ. ಒಪ್ಪಂದವನ್ನು ನೆನಪಿಸಿ ಬರೆದ ಅರ್ಜಿಗೆ ಅಧಿಕಾರಿ ಏನಾದರೂ ಉತ್ತರ ಬರೆಯಬೇಕಾಗುತ್ತದೆ.

ನನ್ನ ಸೇವೆಯ ಇಪ್ಪತ್ತೆಂಟು ವರ್ಷಗಳಲ್ಲಿ ನಾನು ದುಡಿದ ಯಾವ ಶಾಲೆಯಲ್ಲೂ ಅಂಥ ಮುಂಗಡ ರಜಿಸ್ಟರನ್ನು ನಾನು ಕಾಣಲಿಲ್ಲ. ಕೇಳಿಕೊಂಡು ಬಂದ ಪಾಲಕರನ್ನೂ ಕಾಣಲಿಲ್ಲ. ನಡೆಯುವ ಕ್ರಮವೇ ಬೇರೆ. ತಾಯಿಯೊಬ್ಬಳು ಮಗುವಿನ ಕೈಹಿಡಿದು ಬರುತ್ತಾಳೆ. ‘ಕನ್ನಡದಲ್ಲಿ ಈ ವರ್ಷ ಒಂದನೆಯ ವರ್ಗ ಇಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸುತ್ತಾರೆ. ಮರುದಿನ ಇನ್ನೊಬ್ಬಳು, ಅದೇ ಉತ್ತರ. ಹೀಗೆ ಹನ್ನೆರಡು ಮಂದಿ ಬಂದು ಹೋದರೂ ದಾಖಲೆಯಲ್ಲಿ ಬೇಡಿಕೆ ಸೊನ್ನೆ. ಮುಂದಿನ ವರ್ಷ ಆ ಸೊನ್ನೆಯನ್ನೇ ಆಧಾರವಾಗಿಟ್ಟು ಶಿಕ್ಷಕರ ಹುದ್ದೆ ಹೋಗುತ್ತದೆ. ಬಾಗಿಲಿನಲ್ಲಿ ಹಿಂತಿರುಗಿದ ಮಗು ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ.

ಒಳಗೆ ಬಂದ ಮಗುವೂ ಲೆಕ್ಕದಿಂದ ಜಾರಬಹುದು. ಯಾದಗಿರಿ ಕಡೆಯ ತಾಯಿಯೊಬ್ಬಳು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದಳು. ಜನನ ಪತ್ರದಲ್ಲಿ ಹುಡುಗಿಯ ಹೆಸರಿನ ಮುಂದೆ ತಂದೆಯ ಹೆಸರು. ಆಧಾರ್ ಚೀಟಿಯಲ್ಲಿ ಒಂದು ಇನಿಶಿಯಲ್. ಊರಿನ ಶಾಲೆಯ ಚೀಟಿಯಲ್ಲಿ ಮನೆತನದ ಹೆಸರು. ಶಾಲೆಯ ಗುಮಾಸ್ತರು ‘ಆಡನಾವ್ ಕಾಯ್?’ ಎಂದು ಕೇಳಿದಾಗ ಅವಳು ಊರಿನ ಹೆಸರು ಹೇಳಿದ್ದಳಂತೆ. ನಾಲ್ಕನೆಯದೂ ಆಯಿತು. ‘ಅಕ್ಕೋರ್ರೀ, ಒಂದ್ ಹುಡುಗಿಗಿ ಎಷ್ಟ್ ಹೆಸರ ಇಟ್ಟೀರಿ ಅಂತ ಬೈದ್ರು. ಎಲ್ಲಾ ಒಂದಾ ಹುಡುಗೀವೇ ಅದಾವ್ರಿ’ ಎಂದಳು. ಊರಿನಿಂದ ವರ್ಗಾವಣೆ ಪತ್ರ ತಂದ ಮೇಲೆಯೇ ಪ್ರವೇಶ ಎಂದು ಹೇಳಿ ಕಳುಹಿಸಿದ್ದರು. ಅದಕ್ಕಾಗಿ ಗಂಡಹೆಂಡಿರಿಬ್ಬರೂ ವಾರದ ಕೂಲಿ ಬಿಟ್ಟು ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದರು.

ಅದರ ಅಗತ್ಯವೇ ಇರಲಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಕಲಮಿನ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶವನ್ನು ತಡೆಯುವಂತಿಲ್ಲ, ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ತಿರಸ್ಕರಿಸುವಂತಿಲ್ಲವೆಂದು 14ನೆಯ ಕಲಮು ಹೇಳುತ್ತದೆ. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ವರ್ಗಕ್ಕೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಕಲಮು. ನಾನು ಈ ಮೂರು ಕಲಮುಗಳನ್ನು ನಮೂದಿಸಿ ಅರ್ಜಿ ಬರೆದೆ. ತಾಯಿ ಹೆಬ್ಬೆಟ್ಟು ಒತ್ತಿದಳು. ಎರಡು ಪ್ರತಿ ಮಾಡಿ, ಒಂದರ ಮೇಲೆ ಆವಕ ಸಂಖ್ಯೆಯನ್ನೂ ಶಿಕ್ಕೆಯನ್ನೂ ಹಾಕಿಸಿಕೊಂಡೆವು. ನಾಲ್ಕನೆಯ ದಿನ ಹುಡುಗಿ ತರಗತಿಯಲ್ಲಿ ಕುಳಿತಳು. ಗುಮಾಸ್ತರು ಕೆಟ್ಟವರಲ್ಲ, ಕಾಗದವಿಲ್ಲದೆ ಕದಲುವ ಅಧಿಕಾರ ಅವರಿಗಿರಲಿಲ್ಲ, ನಾವು ಕಾಗದ ಕೊಟ್ಟೆವು. ಹೆಸರಿನ ತೊಡಕು ಮಾತ್ರ ಉಳಿಯಿತು. ಮಹಾರಾಷ್ಟ್ರದಲ್ಲಿ ಈಚಿನ ವರ್ಷಗಳಲ್ಲಿ ಶಿಕ್ಷಕರ ಹುದ್ದೆಗಳ ಮಂಜೂರಾತಿಯನ್ನು ಆಧಾರ್ ತಾಳೆಯಾದ ವಿದ್ಯಾರ್ಥಿಗಳ ಎಣಿಕೆಗೆ ಜೋಡಿಸಲಾಗಿದೆ. ಮಗು ದಿನವೂ ಬೆಂಚಿನ ಮೇಲಿದ್ದರೂ ಹೆಸರು ತಾಳೆಯಾಗದಿದ್ದರೆ ಶಾಲೆಗೆ ಅದು ಇಲ್ಲದ ಹಾಗೆ. ಇನಿಶಿಯಲ್ಲು, ಮನೆತನ, ಊರು, ಬಳಿ ಎಂದು ನಾನಾ ರೀತಿಯಲ್ಲಿ ಹೆಸರಿಡುವ ನಮ್ಮ ಜನಕ್ಕೆ ಈ ಪೆಟ್ಟು ಹೆಚ್ಚು.

ಇಂಗ್ಲಿಷ್ ಶಾಲೆಯನ್ನು ಆಯ್ದುಕೊಂಡ ಪಾಲಕರಿಗೂ ಒಂದೆರಡು ಮಾತು. ಆ ಆಯ್ಕೆ ನಿಮ್ಮದೇ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಕರ್ನಾಟಕ ಸರಕಾರದ ಭಾಷಾನೀತಿಯ ಪ್ರಕರಣದಲ್ಲೇ, ತೀರ್ಪು ಕೊಟ್ಟಿದೆ. ಮಗುವಿನ ಮಾತೃಭಾಷೆ ಯಾವುದೆಂದು ಹೇಳುವವರೂ ಪಾಲಕರೇ. ಅದೇ ದಿನ, ಅದೇ ಪೀಠ ಇನ್ನೊಂದು ತೀರ್ಪಿನಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಶಿಕ್ಷಣ ಹಕ್ಕು ಕಾಯಿದೆಯ ಹೊರಗಿಟ್ಟಿತು. ಬಡ ಮಕ್ಕಳಿಗೆ ಶೇಕಡ 25 ಸ್ಥಾನ ಬಿಡಬೇಕೆಂಬ ನಿಯಮ ಹೀಗೆ ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಶಾಲೆಗಳಿಗೆ ಅನ್ವಯಿಸದಾಯಿತು. ಅದರ ಮರುಪರಿಶೀಲನೆ ಆಗಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಈ ಸಭೆಯಲ್ಲಿ ಕನ್ನಡಿಗರ ಶಿಕ್ಷಣ ಸಂಸ್ಥೆಗಳ ಪದಾಧಿಕಾರಿಗಳಿದ್ದಾರೆ. ಕನ್ನಡದ ಹೆಸರಿನಿಂದ ಮಾನ್ಯತೆ, ಆ ಮಾನ್ಯತೆಯಿಂದ ವಿನಾಯಿತಿ, ಆ ವಿನಾಯಿತಿಯಿಂದ ಬಡ ಕನ್ನಡ ಮಗುವಿಗೇ ಬಾಗಿಲು ಮುಚ್ಚುವುದಾದರೆ ಅದನ್ನು ಏನೆಂದು ಕರೆಯಬೇಕೆಂದು ಅವರನ್ನು ವಿನಯದಿಂದಲೇ ಕೇಳುತ್ತೇನೆ. ಕಾನೂನು ಕಡ್ಡಾಯ ಮಾಡದಿದ್ದರೂ ವರ್ಷಕ್ಕೆ ಐದು ಸ್ಥಾನ ಕೊಡಬಾರದೆಂದೇನೂ ಹೇಳಿಲ್ಲವಲ್ಲ!

ಸಂಖ್ಯೆ ಎಷ್ಟು ಬೇಗ ಬೇಕಾಗುತ್ತದೆ ಎಂಬುದಕ್ಕೆ ಒಂದು ಹತ್ತಿರದ ನಿದರ್ಶನ. 2025ರ ಜೂನ್ 17ರಂದು ಮಹಾರಾಷ್ಟ್ರ ಸರಕಾರ ಒಂದನೆಯ ವರ್ಗದಿಂದ ಹಿಂದಿಯನ್ನು ಸಾಮಾನ್ಯವಾಗಿ ಮೂರನೆಯ ಭಾಷೆಯಾಗಿ ಕಲಿಸುವ ಆದೇಶ ಹೊರಡಿಸಿತು. ಒಂದು ವರ್ಗದಲ್ಲಿ ಕನಿಷ್ಠ 20 ಮಕ್ಕಳು ಬೇರೊಂದು ಭಾರತೀಯ ಭಾಷೆಯನ್ನು ಬಯಸಿದರೆ ಅದಕ್ಕೆ ಶಿಕ್ಷಕರು, ಇಲ್ಲವೆ ಆನ್‌ಲೈನ್ ಪಾಠ ಎಂಬ ಅವಕಾಶ ಅದರಲ್ಲಿತ್ತು. 1949ರ ಹತ್ತು ಇಲ್ಲಿ ಇಪ್ಪತ್ತಾಗಿತ್ತು. ತೀವ್ರ ವಿರೋಧದಿಂದಾಗಿ ಜೂನ್ 29ರಂದು ಆದೇಶವನ್ನು ಹಿಂದಕ್ಕೆ ಪಡೆದರು. ಆ ಆದೇಶದ ಗುಣದೋಷ ಬೇರೆ ಮಾತು. ಹನ್ನೆರಡು ದಿನಗಳ ಆ ಅವಧಿಯಲ್ಲಿ, ಯಾವ ಶಾಲೆಯ ಯಾವ ವರ್ಗದಲ್ಲಿ ಎಷ್ಟು ಕನ್ನಡ ಮಕ್ಕಳಿದ್ದಾರೆ ಎಂದು ಹೇಳಬಲ್ಲ ಪಟ್ಟಿ ನಮ್ಮ ಸಂಘದಲ್ಲಿ ಇರಲಿಲ್ಲ. ನಾಟಕೋತ್ಸವದ ದೇಣಿಗೆದಾರರ ಪಟ್ಟಿ ಇತ್ತು.

ಆದುದರಿಂದ ನನ್ನ ಸೂಚನೆ ಇಷ್ಟು. ಪ್ರತಿ ವರ್ಷ ಮಾರ್ಚಿನಲ್ಲಿ, ಶಾಲೆಗಳು ರಜಿಸ್ಟರು ತೆರೆಯಲಿ ಬಿಡಲಿ, ಸಂಘವೇ ವಾರ್ಡುವಾರು ಪಾಲಕರ ಇಚ್ಛಾಪತ್ರ ಸಂಗ್ರಹಿಸಬೇಕು. ಕನ್ನಡ ಮಾಧ್ಯಮ ಬೇಕೆಂಬುವವರದು ಒಂದು ಕಟ್ಟು. ಬೇರೆ ಮಾಧ್ಯಮದಲ್ಲಿದ್ದು ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲಿ ಎಂಬುವವರದು ಇನ್ನೊಂದು. ಎರಡನ್ನೂ ಶಿಕ್ಷಣಾಧಿಕಾರಿಗಳಿಗೆ ಒಟ್ಟಾಗಿ ಸಲ್ಲಿಸಿ ಆವಕ ಸಂಖ್ಯೆ ಪಡೆಯಬೇಕು. ಪುಸ್ತಕಗಳ ಚಿಂತೆ ಬೇಡ, ಕನ್ನಡ ಮಾಧ್ಯಮದ ಪಠ್ಯಗಳನ್ನು ಪುಣೆಯ ಬಾಲಭಾರತಿಯೇ ಹೊರತರುತ್ತ ಬಂದಿದೆ. ಪಾಲಿಕೆಯ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು ಕಾಯಿದೆ ಹೇಳುತ್ತದೆ. ಆ ಸಭೆಗಳಿಗೆ ಕೂಲಿ ಬಿಟ್ಟು ಬರಲಾರದ ತಾಯಂದಿರ ಜತೆ ಹೋಗಲು ಓದುಬರಹ ಬಲ್ಲ ನಮ್ಮ ಮಹಿಳಾ ವಿಭಾಗದವರು ಸಿದ್ಧರಾಗಬೇಕು.

ಇಚ್ಛಾಪತ್ರದ ನಮೂನೆಗಳನ್ನು ಕಾರ್ಯದರ್ಶಿಯವರ ಬಳಿ ಕೊಟ್ಟಿದ್ದೇನೆ. ರವಿವಾರ ಬೆಳಗ್ಗೆ ಹತ್ತರಿಂದ ಒಂದರ ತನಕ ಸಂಘದ ಕಚೇರಿಯಲ್ಲಿ ನಾನಿರುತ್ತೇನೆ. ಮಗುವಿನ ಹೆಸರಿರುವ ಯಾವ ಕಾಗದ ನಿಮ್ಮಲ್ಲಿದ್ದರೂ, ಅದು ತಪ್ಪಾಗಿದ್ದರೂ, ತೆಗೆದುಕೊಂಡು ಬನ್ನಿ. ನಿಮ್ಮ ಕಟ್ಟಡದಲ್ಲಿ ಕಾವಲು ಕಾಯುವವರಿಗೂ ಪಕ್ಕದ ಗಲ್ಲಿಯಲ್ಲಿ ಗಾರೆ ಕೆಲಸ ಮಾಡುವವರಿಗೂ ಈ ಸಂಗತಿಯನ್ನು ತಿಳಿಸಿ.