ಚೆಕ್ ಬೌನ್ಸ್ ನೋಟಿಸ್ ಬಂತಾ? ಆ 15 ದಿನ ಸುಮ್ನೆ ಕೂರಬೇಡಿ

ಈ ವಾರ ಚೆಕ್ ಬೌನ್ಸ್ ಬಗ್ಗೆ ಮಾತಾಡೋಣ. ಯುಪಿಐ ಕಾಲದಲ್ಲಿ ಚೆಕ್ ಯಾರು ಬರೀತಾರೆ ಅಂತ ನೀವು ಕೇಳಬಹುದು. ಸಾಮಾನು ತಗೊಳ್ಳೋಕೆ ಯಾರೂ ಬರೆಯಲ್ಲ, ನಿಜ. ಆದರೆ ಕೈಸಾಲ ಕೇಳುವಾಗ, ಚೀಟಿ ಎತ್ತುವಾಗ 'ಸೆಕ್ಯೂರಿಟಿಗೆ ಇರಲಿ' ಅಂತ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟವರು ನಮ್ಮ ವಯಸ್ಸಿನವರಲ್ಲೇ ಬೇಕಾದಷ್ಟು ಜನ ಇದ್ದಾರೆ.

ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಹೆಸರು, ಊರು ಬೇಡ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಪರಿಚಯದವರ ಹತ್ರ 60 ಸಾವಿರ ಕೈಸಾಲ ತಗೊಂಡು ಒಂದು ಖಾಲಿ ಚೆಕ್ ಕೊಟ್ಟಿದ್ರು. 45 ಸಾವಿರ ಫೋನ್‌ಪೇಯಲ್ಲೇ ವಾಪಸ್ ಹಾಕಿದ್ದಾರೆ. ಈಗ ಬಂದಿರೋ ಲಾಯರ್ ನೋಟಿಸ್‌ನಲ್ಲಿ ಚೆಕ್ ಮೊತ್ತ 2 ಲಕ್ಷ! "ಸುಳ್ಳು ನೋಟಿಸ್‌ಗೆ ನಾನ್ಯಾಕೆ ಉತ್ತರ ಕೊಡ್ಲಿ? ಕೋರ್ಟಲ್ಲೇ ನೋಡ್ಕೋತೀನಿ" ಅಂತಾರೆ.

ಅಣ್ಣ, ದಯವಿಟ್ಟು ಹಾಗೆ ಮಾಡಬೇಡಿ.

ನಾನು ಬಿಕಾಂ ಓದಿದವನು, ವಕೀಲ ಅಲ್ಲ. ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್ ನಮಗೆ ಕಾಲೇಜಲ್ಲೇ ಇತ್ತು. ಅದರ ಸೆಕ್ಷನ್ 138 ಚೆಕ್ ಬೌನ್ಸ್ ಅಪರಾಧದ್ದು. 2 ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ನಿಜವಾದ ತಲೆನೋವು ಸೆಕ್ಷನ್ 139. ಚೆಕ್ ಮೇಲಿನ ಸಹಿ ನಿಮ್ಮದು ಅಂತಾದರೆ, ಅದನ್ನು ಸಾಲ ತೀರಿಸೋಕೇ ಕೊಟ್ಟಿದ್ದು ಅಂತ ಕೋರ್ಟ್ ಅಂದುಕೊಂಡು ಶುರು ಮಾಡುತ್ತೆ. ಹಾಗಲ್ಲ ಅಂತ ತೋರಿಸುವ ಜವಾಬ್ದಾರಿ ನಿಮ್ಮದು. 'ಮೊತ್ತ ನಾನು ಬರೆದಿಲ್ಲ, ಕೈಬರಹ ನೋಡಿ' ಅನ್ನೋ ವಾದ ಒಂದೇ ಸಾಕಾಗಲ್ಲ. ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟಿದ್ದರೂ ಈ ನಿಯಮ ಅನ್ವಯಿಸುತ್ತೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ನಿಮ್ಮ ಮಾತೇ ಹೆಚ್ಚು ನಂಬುವಂತಿದೆ ಅಂತ ದಾಖಲೆಯಿಂದ ತೋರಿಸಿದರೆ ಸಾಕು. 2022ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಒಳ್ಳೆ ಮಾತು ಹೇಳಿತು: ಚೆಕ್ ಬ್ಯಾಂಕಿಗೆ ಹಾಕುವ ಮೊದಲೇ ಸಾಲದ ಒಂದು ಭಾಗ ತೀರಿದ್ದು, ಅದನ್ನು ಚೆಕ್ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ 138 ನಿಲ್ಲಲ್ಲ. ಹಾಗಾಗಿ ನಿಮ್ಮ 45 ಸಾವಿರದ ಫೋನ್‌ಪೇ ಹಿಸ್ಟರಿ ಚಿನ್ನ ಇದ್ದಂಗೆ. ಸ್ಕ್ರೀನ್‌ಶಾಟ್ ಇದೆ ಅಂತ ಸುಮ್ಮನಾಗಬೇಡಿ, ಬ್ಯಾಂಕಿಂದ ಸ್ಟೇಟ್‌ಮೆಂಟ್ ತಗೊಳ್ಳಿ. ವಾಟ್ಸಾಪ್ ಚಾಟ್ ಡಿಲೀಟ್ ಮಾಡಬೇಡಿ, ಫೋನೂ ಮಾರಬೇಡಿ. ಆದರೆ ಎದುರಿನವರು 'ಆ 45 ಸಾವಿರ ಬೇರೆ ಸಾಲದ್ದು' ಅನ್ನಬಹುದು. ಅಲ್ಲೇ ನೋಟಿಸ್‌ಗೆ ಕೊಟ್ಟ ಉತ್ತರ ಕೈ ಹಿಡಿಯೋದು. ಮೊದಲ ದಿನದಿಂದ ನೀವು ಇದೇ ಮಾತು ಹೇಳ್ತಿದ್ದೀರಿ ಅನ್ನೋದಕ್ಕೆ ಅದೇ ದಾಖಲೆ. ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ, 45 ಸಾವಿರದ ಚೆಕ್ ಅದು, ಆರೋಪಿ ನೋಟಿಸ್‌ಗೆ ಉತ್ತರ ಕೊಡದೇ ಇದ್ದದ್ದನ್ನೇ ಸುಪ್ರೀಂ ಕೋರ್ಟ್ 2010ರಲ್ಲಿ ಅವರ ವಿರುದ್ಧ ಎಣಿಸಿತು.

ಇನ್ನು ದಿನಗಳ ಲೆಕ್ಕ. ಚೆಕ್ ವಾಪಸ್ ಬಂತು ಅಂತ ಬ್ಯಾಂಕ್ ತಿಳಿಸಿದ 30 ದಿನದೊಳಗೆ ಅವರು ನೋಟಿಸ್ ಕಳಿಸಬೇಕು. ನೋಟಿಸ್ ನಿಮ್ಮ ಕೈಗೆ ಬಂದ ಮೇಲೆ ನಿಮಗೆ 15 ದಿನ. ಅಷ್ಟರಲ್ಲಿ ಚೆಕ್ ಮೊತ್ತ ಕಟ್ಟಿದರೆ ಕೇಸೇ ಇಲ್ಲ. ಕಟ್ಟದಿದ್ದರೆ ಆಮೇಲೆ ಒಂದು ತಿಂಗಳಲ್ಲಿ ಅವರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಕೊಡಬಹುದು. ನಿಮ್ಮ ಹಾಗೆ ಮೊತ್ತವೇ ತಪ್ಪು ಅಂತಿದ್ದರೆ ಆ 15 ದಿನದಲ್ಲೇ ವಕೀಲರಿಂದ ಉತ್ತರ ಬರೆಸಿ, ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ. ಬಾಕಿ 15 ಸಾವಿರ ಹೇಗೆ ಕಟ್ಟೋದು ಅನ್ನೋದನ್ನೂ ಅವರ ಹತ್ರನೇ ಕೇಳಿ.

ಪೋಸ್ಟ್‌ಮ್ಯಾನ್ ಬಂದಾಗ 'ಮನೇಲಿಲ್ಲ' ಅನ್ನಿಸಿ ಕಳಿಸೋ ಐಡಿಯಾ ಕೆಲವರು ಕೊಡ್ತಾರೆ. ವಿಳಾಸ ಸರಿ ಇದ್ದರೆ ನೋಟಿಸ್ ತಲುಪಿದ ಹಾಗೇ ಲೆಕ್ಕ. ಸಮನ್ಸ್ ಬಂದ ಮೇಲೂ ಹೋಗದಿದ್ದರೆ ವಾರಂಟ್ ಬರುತ್ತೆ. ಇಷ್ಟಾದರೂ 138 ಜಾಮೀನು ಸಿಗುವ ಅಪರಾಧ, ಹೋಗಿ ಹಾಜರಾದರೆ ಜಾಮೀನು ಸಿಗುತ್ತೆ. 'ಪೊಲೀಸ್ ಕರ್ಕೊಂಡು ಬಂದು ನಾಳೆನೇ ಒಳಗೆ ಹಾಕಿಸ್ತೀನಿ' ಅನ್ನೋ ಫೋನ್‌ಗೆ ಹೆದರಬೇಡಿ.

ವಕೀಲರ ಫೀಸ್ ಕಷ್ಟ ಅಂದ್ರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗ್ತಾರೆ. ಉಳಿದವರಿಗೆ ಆದಾಯ ಮಿತಿ ನೋಡ್ತಾರೆ.

ಮಧ್ಯದಲ್ಲಿ ರಾಜಿ ಆದರೂ ಆಗಬಹುದು, ಈ ಕೇಸಲ್ಲಿ ಕಾನೂನೇ ಅದಕ್ಕೆ ಅವಕಾಶ ಕೊಡುತ್ತೆ. ಆದರೆ ದುಡ್ಡು ಕ್ಯಾಶ್‌ನಲ್ಲಿ ಕೊಡಬೇಡಿ, ಬ್ಯಾಂಕ್ ಮೂಲಕವೇ ಹಾಕಿ. ಎಷ್ಟಕ್ಕೆ, ಯಾವ ಚೆಕ್ ನಂಬರಿನ ಲೆಕ್ಕಕ್ಕೆ ಅಂತ ಬರೆಸಿಕೊಳ್ಳಿ. ಕೇಸ್ ಕೋರ್ಟಿಗೆ ಹೋಗಿದ್ದರೆ ರಾಜಿಯನ್ನು ಅಲ್ಲೇ ದಾಖಲಿಸಿ. ಇನ್ನೂ ಹೋಗಿಲ್ಲ ಅಂದ್ರೆ ಆ ಚೆಕ್ ಕೈಗೆ ವಾಪಸ್ ಇಸ್ಕೊಂಡೇ ಎದ್ದು ಬನ್ನಿ.