ಮೇಸ್ತ್ರಿಯ ಮಗಳು ಎಂಜಿನಿಯರ್ ಆಗುವ ದಾರಿ

(ಕಾಗಿನೆಲೆಯಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನನಗೆ ಕೊಟ್ಟ ವಿಷಯ ಕಾಯಕ ಮತ್ತು ತಾಂತ್ರಿಕ ಶಿಕ್ಷಣ. ಇದರ ಮೇಲೆ ಒಂದು ತಾಸು ಮಾತಾಡಬಹುದು. ಯಾರಿಗೂ ನೋವಾಗುವುದಿಲ್ಲ, ಯಾರಿಗೂ ಉಪಯೋಗವೂ ಆಗುವುದಿಲ್ಲ. ಆದ್ದರಿಂದ ಒಂದೇ ಪ್ರಶ್ನೆ ಎತ್ತಿಕೊಳ್ಳುತ್ತೇನೆ. ನಮ್ಮ ಮಠದ ಪ್ರಸಾದ ನಿಲಯ ಕಟ್ಟುತ್ತಿರುವ ಮೇಸ್ತ್ರಿಯ ಮಗಳು ಸಿವಿಲ್ ಎಂಜಿನಿಯರ್ ಆಗಬೇಕು ಎಂದರೆ ದಾರಿ ಯಾವುದು?

ನಾನು ಬಂದ ದಾರಿ ಮೊದಲು ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಸಿವಿಲ್ ಡಿಪ್ಲೊಮಾ. ಅದು ಮುಗಿದ ಮೇಲೆ ಒಂದು ವರ್ಷ ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆ ಮೊದಲಿಗೆ ಫಿಟ್ಟರ್, ಟರ್ನರ್‌ಗಳಂಥ ಕುಶಲಕರ್ಮಿಗಳಿಗಾಗಿ ಬಂದದ್ದು. 1973ರ ತಿದ್ದುಪಡಿಯಿಂದ ಡಿಪ್ಲೊಮಾ, ಪದವಿ ಪಡೆದವರೂ ಅದರೊಳಗೆ ಬಂದರು. ಆ ತಿದ್ದುಪಡಿಯ ಅನ್ನ ಉಂಡವನು ನಾನು. ಆಮೇಲೆ ಸರ್ಕಾರಿ ಸೇವೆ, ಸೇವೆಯಲ್ಲಿ ಇದ್ದುಕೊಂಡೇ ಸಂಜೆ ಕಾಲೇಜಿನಲ್ಲಿ ಬಿ.ಇ. ಪದವಿ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ. ಕೆಲಸಕ್ಕೆ ಬಂದದ್ದು ಮಾತ್ರ ಆ ಒಂದು ವರ್ಷ.

ಮೊದಲ ತಿಂಗಳುಗಳಲ್ಲಿ ಮಾಡಿದ್ದೇನು? ಬಿಸಿಲಲ್ಲಿ ಲೆವೆಲಿಂಗ್ ಸ್ಟಾಫ್ ಹಿಡಿದು ನಿಂತದ್ದು. ಕೋಲು ಒಂದಿಷ್ಟು ವಾಲಿದರೂ ದೂರದಿಂದ ಕೂಗು ಬರುತ್ತಿತ್ತು. ಆಮೇಲೆ ಕಾಂಕ್ರೀಟಿನ ಅಚ್ಚು ತುಂಬುವುದು, 15 ಸೆಂಟಿಮೀಟರಿನ ಕ್ಯೂಬುಗಳು. ಅವನ್ನು ನೀರಲ್ಲಿಟ್ಟು 7ನೇ ದಿನ, 28ನೇ ದಿನ ಒಡೆಸಿ ನೋಡಬೇಕು. ಆಮೇಲೆ ಅಳತೆ ಪುಸ್ತಕ, ನಮ್ಮ ಇಲಾಖೆಯವರು ಎಂ.ಬಿ. ಅನ್ನುತ್ತಾರೆ. ಅದರಲ್ಲಿ ಅಳಿಸುವಂತಿಲ್ಲ. ತಪ್ಪಿದ್ದರೆ ಓದಲು ಬರುವ ಹಾಗೆ ಗೆರೆ ಎಳೆದು, ಸರಿ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಪ್ರಾಮಾಣಿಕತೆಯ ಮೇಲೆ ಬಹಳ ಉಪನ್ಯಾಸ ಕೇಳಿದ್ದೇನೆ. ಇಷ್ಟು ಚೊಕ್ಕವಾಗಿ ಯಾರೂ ಹೇಳಿಲ್ಲ.

ಅಲ್ಲೊಬ್ಬ ಮೇಸ್ತ್ರಿ ಇದ್ದರು, ಶಾಲೆ ಮೆಟ್ಟಿಲು ಹತ್ತಿದವರಲ್ಲ. ಮಳೆ ಬಿದ್ದ ಮರುದಿನ ಗಾರೆ ಕಲಸುವಾಗ ಮರಳನ್ನು ಒಂದಿಷ್ಟು ಹೆಚ್ಚು ಹಾಕಿಸುತ್ತಿದ್ದರು. ಯಾಕೆ ಎಂದರೆ, "ಹಸಿ ಉಸುಕು ಉಬ್ಬಿರ್ತದ ಸಾಹೇಬ್ರ" ಅನ್ನುವರು. ಪುಸ್ತಕದಲ್ಲಿ ನಾನು ಓದಿದ್ದೆ: ಮರಳಿನಲ್ಲಿ ಶೇಕಡಾ ನಾಲ್ಕೈದರಷ್ಟು ತೇವ ಇದ್ದರೂ ಅದರ ಗಾತ್ರ ಕಾಲು ಭಾಗದಷ್ಟು ಉಬ್ಬಬಹುದು, ಬುಟ್ಟಿಯಲ್ಲಿ ಅಳೆದರೆ ಮರಳು ಕಡಿಮೆ ಬೀಳುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವನ್ನೂ ಪಡೆದಿದ್ದೆ. ಆದರೆ ಮಳೆಯ ಮರುದಿನ ಬುಟ್ಟಿ ಕಂಡಾಗ ಆ ಪುಟ ನೆನಪಿಗೆ ಬರಲಿಲ್ಲ. ನೆನಪಿಸಿದವರು ಅವರು.

ಹಾಗೆಂದು ಮೇಸ್ತ್ರಿ ಹೇಳಿದ್ದೆಲ್ಲ ವೇದ ಅಂತ ತಿಳಿಯಬೇಡಿ. ಕಾಂಕ್ರೀಟು ಸಲೀಸಾಗಿ ಹರಿಯಲಿ ಅಂತ ನೀರು ಸುರಿಯುವುದು ಅವರ ಚಟ. ನೀರು ಹೆಚ್ಚಾದಷ್ಟೂ ಬಲ ಇಳಿಯುತ್ತದೆ ಎಂದರೆ ನಗುತ್ತಿದ್ದರು. 28ನೇ ದಿನ ಎರಡು ಬಗೆಯ ಕ್ಯೂಬುಗಳನ್ನು ಅವರ ಎದುರಿಗೇ ಒಡೆಸಿದೆವು. ಆಮೇಲೆ ಅವರೇ ನೀರಿನ ಡಬ್ಬಿ ಎಣಿಸತೊಡಗಿದರು. ಎರೆಭೂಮಿಯಲ್ಲಿ ಪಾಯ ಯಾಕೆ ಸೀಳುತ್ತದೆ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣನ್ನು ದಾಟಿ ಎಷ್ಟು ಆಳಕ್ಕೆ ಇಳಿಯಬೇಕು ಎಂಬುದನ್ನು ಈ ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಒಬ್ಬರೇ ಕಲಿಯಲು ಆಗುವುದಿಲ್ಲ. ಒಬ್ಬರ ಹತ್ತಿರ ಹಾರೆ ಇರಬೇಕು, ಇನ್ನೊಬ್ಬರ ಹತ್ತಿರ ಲೆಕ್ಕ ಇರಬೇಕು.

ಆ ವರ್ಷ ನಮ್ಮ ಬೀಗರೊಬ್ಬರು ಸೈಟಿಗೆ ಬಂದು, ಮೊಣಕಾಲ ತನಕ ಕೆಸರಾಗಿದ್ದ ನನ್ನನ್ನು ನೋಡಿ, ಊರಲ್ಲಿ "ಓದಿದ ಹುಡುಗ ಮಣ್ಣು ಹೊರುತ್ತಾನೆ" ಎಂದು ಹೇಳಿಕೊಂಡು ತಿರುಗಿದರು. ಅವರು ಕಾಯಕದ ಬಗ್ಗೆ ವೇದಿಕೆಯ ಮೇಲೆ ಬಹಳ ಚೆನ್ನಾಗಿ ಮಾತಾಡುತ್ತಿದ್ದರು!

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಯ ಸಿದ್ಧರಾಮರನ್ನು ಕಾಣುವುದು ಎಲ್ಲಿ? ಕೆರೆಯ ಕೆಲಸ ನಡೆದಿರುವ ಜಾಗದಲ್ಲಿ. ಪ್ರಭುಗಳು ಅವರಿಗೆ ಏನು ಬೋಧಿಸಿದರು ಎಂಬುದನ್ನು ಪ್ರವಚನದಲ್ಲಿ ಕೇಳುತ್ತೇವೆ. ನಾನು ಎಂಜಿನಿಯರ, ನನಗೆ ಬೇರೆ ಕುತೂಹಲ. ಆ ಏರಿಯ ಇಳಿಜಾರು ನಿರ್ಧರಿಸಿದವರು ಯಾರು, ತೂಬು ಇಡುವ ಮಟ್ಟ ಹಿಡಿದವರು ಯಾರು, ಅವರಿಗೆ ಕಲಿಸಿದವರು ಯಾರು? ಆಗ ಕಾಲೇಜು ಇರಲಿಲ್ಲ. ಕೆಲಸವೇ ಕಾಲೇಜು. ನಮ್ಮ ಜಿಲ್ಲೆಯ ಮದಗ ಮಾಸೂರಿನ ಕೆರೆ ನೋಡಿ ಬಂದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಹೊರದೇಶದಲ್ಲೂ ಹೀಗೆಯೇ. ಲಂಡನ್ನಿನಲ್ಲಿ 1818ರಲ್ಲಿ ಶುರುವಾದ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮೊದಲ ಅಧ್ಯಕ್ಷ ಥಾಮಸ್ ಟೆಲ್ಫರ್ಡ್. ಕಲ್ಲುಕುಟಿಗರ ಕೈಕೆಳಗೆ ಅಪ್ರೆಂಟಿಸ್ ಆಗಿ ಬೆಳೆದ ಮನುಷ್ಯ. ನಮ್ಮಲ್ಲಿ ರೂರ್ಕಿಯ ಕಾಲೇಜು 1847ರಲ್ಲಿ ಹುಟ್ಟಿದ್ದು ಗಂಗಾ ಕಾಲುವೆಯ ಕೆಲಸ ನಡೆದಿದ್ದಾಗ, ಆ ಕೆಲಸಕ್ಕೆ ಜನ ಬೇಕೆಂದು. (ವಿಶ್ವೇಶ್ವರಯ್ಯನವರ ಹೆಸರು ಹೇಳದೆ ಎಂಜಿನಿಯರನ ಭಾಷಣ ಮುಗಿಯುವುದಿಲ್ಲ. ಹೇಳಿದ್ದೇನೆ, ಮುಂದೆ ಹೋಗೋಣ.)

ಈಗ ಆ ಹುಡುಗಿಯ ಕಡೆ ಬರೋಣ. ಅವಳು ಎಸ್ಸೆಸ್ಸೆಲ್ಸಿ ಪಾಸಾದರೆ ನೇರ ಮೂರು ವರ್ಷದ ಡಿಪ್ಲೊಮಾ ಸೇರಬಹುದು. ಬೇಗ ಕೈಕೆಲಸ ಬೇಕಿದ್ದರೆ ಐ.ಟಿ.ಐ.ನಲ್ಲಿ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಸಿವಿಲ್ ಕಲಿತು, ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ಹತ್ತಬಹುದು. ಡಿಪ್ಲೊಮಾ ಆದ ಮೇಲೆ ಒಂದು ವರ್ಷ ಅಪ್ರೆಂಟಿಸ್. ಅದಕ್ಕೆ ಕಾನೂನು ಗೊತ್ತುಪಡಿಸಿದ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಆಮೇಲೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಪ್ರವೇಶ. ಹಾವೇರಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ರಾಣೆಬೆನ್ನೂರಿನಲ್ಲಿ ತರಳಬಾಳು ಸಂಸ್ಥೆಯ ಕಾಲೇಜಿದೆ.

ಮೊದಲು ಇನ್ನೊಂದು ಬಾಗಿಲಿತ್ತು, ಎ.ಎಂ.ಐ.ಇ. ದುಡಿಯುತ್ತಲೇ ಮನೆಯಲ್ಲಿ ಓದಿ, ಪರೀಕ್ಷೆ ಕಟ್ಟಿ, ಪದವಿಗೆ ಸಮನಾದ ಅರ್ಹತೆ ಪಡೆಯಬಹುದಿತ್ತು. ನನ್ನ ಸಹೋದ್ಯೋಗಿಗಳಲ್ಲಿ ಕೆಲವು ಅತ್ಯುತ್ತಮರು ಆ ಬಾಗಿಲಿನಿಂದಲೇ ಬಂದವರು. 2013ರ ಮೇ 31ರ ನಂತರ ಹೆಸರು ನೋಂದಾಯಿಸಿದವರಿಗೆ ಆ ಸಮಾನತೆ ಇಲ್ಲ. ಬಡವರ ಮಕ್ಕಳಿಗೆ ಇದರಿಂದ ದೊಡ್ಡ ನಷ್ಟವಾಗಿದೆ ಎಂದು ನನ್ನ ಅಭಿಪ್ರಾಯ. ಈ ಬಗ್ಗೆ ಯಾರೂ ಗದ್ದಲ ಮಾಡಲಿಲ್ಲ.

ಅಪ್ರೆಂಟಿಸ್ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ನನಗೆ ಗೊತ್ತಿರುವ ಒಬ್ಬ ಹುಡುಗನನ್ನು ಒಂದು ಗುತ್ತಿಗೆ ಸಂಸ್ಥೆಯವರು ವರ್ಷಪೂರ್ತಿ ಬಿಲ್ಲು ಟೈಪ್ ಮಾಡಲು ಕೂರಿಸಿದರು. ಕಾಂಕ್ರೀಟು ಬೀಳುವುದನ್ನು ಅವನು ಕಿಟಕಿಯಿಂದ ನೋಡಿದ. ಆದ್ದರಿಂದ ಪಾಲಕರೇ, ಒಪ್ಪಂದ ಲಿಖಿತವಾಗಿರಲಿ, ಸರ್ಕಾರದ ಪೋರ್ಟಲಿನಲ್ಲಿ ನೋಂದಣಿ ಆಗಿರಲಿ, ಮಗು ದಿನಚರಿ ಬರೆಯಲಿ: ಇವತ್ತು ಏನು ಅಳೆದೆ, ಏನು ಒಡೆಸಿದೆ, ಯಾರಿಂದ ಕಲಿತೆ.

ಪೂಜ್ಯರಲ್ಲಿ ನನ್ನ ಅರಿಕೆ ಒಂದೇ. ಮಠಗಳಲ್ಲಿ ಕಟ್ಟಡದ ಕೆಲಸ ನಿಲ್ಲುವುದೇ ಇಲ್ಲ. ಪ್ರಸಾದ ನಿಲಯ, ಶಾಲೆ, ಕಲ್ಯಾಣ ಮಂಟಪ, ಒಂದು ಮುಗಿದರೆ ಇನ್ನೊಂದು. ಗುತ್ತಿಗೆಯ ಕರಾರಿನಲ್ಲಿ ಒಂದು ಕಲಮು ಸೇರಿಸಿ: ಈ ಕೆಲಸದಲ್ಲಿ ಇಬ್ಬರು ಡಿಪ್ಲೊಮಾ ಅಪ್ರೆಂಟಿಸುಗಳನ್ನು ಕಾಯ್ದೆಯ ಪ್ರಕಾರ ತೆಗೆದುಕೊಳ್ಳಬೇಕು, ಇಬ್ಬರಲ್ಲಿ ಒಬ್ಬರು ಕಟ್ಟಡ ಕಾರ್ಮಿಕರ ಮನೆಯ ಮಗುವಾಗಿರಬೇಕು, ಜಾತಿ ಯಾವುದೇ ಇರಲಿ. ಕನಕದಾಸರ ಈ ನೆಲದಲ್ಲಿ ನಿಂತು ಅಷ್ಟು ಕೇಳದಿದ್ದರೆ ಹೇಗೆ? ಖರ್ಚು ಎಷ್ಟಾಗುತ್ತದೆ ಎಂದು ಕಾರ್ಯದರ್ಶಿಗಳು ಕೇಳುತ್ತಾರೆ, ಕೇಳಬೇಕು ಕೂಡ. ಅರ್ಧ ಕೋಟಿಯ ಕಟ್ಟಡದಲ್ಲಿ ಅದು ಬಣ್ಣದ ಖರ್ಚಿನಷ್ಟೂ ಆಗುವುದಿಲ್ಲ.

ಆ ಕಲಮಿನ ಕರಡನ್ನು ಬರೆದು ತಂದಿದ್ದೇನೆ, ಎರಡು ಪುಟ. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ. ಮಕ್ಕಳ ಅಂಕಪಟ್ಟಿ ತಂದಿರುವ ಪಾಲಕರು ಪ್ರಸಾದವಾದ ಮೇಲೆ ಆಲದ ಮರದ ಹತ್ತಿರ ಬನ್ನಿ, ಕತ್ತಲಾಗುವ ತನಕ ನಾನು ಅಲ್ಲೇ ಇರುತ್ತೇನೆ.