ಸಾಲ ತೀರಿಸಿದವರು ಯಾರು?



1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್ ನಾಣ್ಯದ ಸ್ಥಿರ ವಿನಿಮಯ ದರವನ್ನು ಕೈಬಿಟ್ಟಿತು. ಕೆಲವೇ ತಿಂಗಳುಗಳಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ದಕ್ಷಿಣ ಕೊರಿಯಾಗಳಿಗೂ ಆ ಬೆಂಕಿ ಹಬ್ಬಿತು. ಆದರೆ ಒಂದೇ ಬಿಕ್ಕಟ್ಟಿಗೆ ಸಿಲುಕಿದ ಈ ದೇಶಗಳು ಒಂದೇ ವೇಗದಲ್ಲಿ ಚೇತರಿಸಿಕೊಳ್ಳಲಿಲ್ಲ. 1998ರಲ್ಲಿ ಇಂಡೋನೇಷ್ಯಾದ ಆರ್ಥಿಕತೆಯು ಸುಮಾರು ಶೇ. 13ರಷ್ಟು ಕುಗ್ಗಿತು, ಮರುವರ್ಷದ ಬೆಳವಣಿಗೆ ಶೇ. 1ನ್ನೂ ಮುಟ್ಟಲಿಲ್ಲ. ಅದೇ 1999ರಲ್ಲಿ ಕೊರಿಯಾ ಶೇ. 10ಕ್ಕೂ ಮಿಕ್ಕಿ ಬೆಳೆಯಿತು. ಇದಕ್ಕೆ ರಾಜಕೀಯವೂ ಸೇರಿದಂತೆ ಕಾರಣಗಳು ಹಲವು. ನಾವಿಲ್ಲಿ ಆಯಾ ದೇಶದ ಬ್ಯಾಂಕುಗಳ ಸ್ಥಿತಿಯನ್ನಷ್ಟೇ ಪ್ರಸ್ತಾಪಿಸಬಯಸುತ್ತೇವೆ.

ಇಂಡೋನೇಷ್ಯಾದಲ್ಲಿ 1988ರ ಸುಧಾರಣೆಯ ಬಳಿಕ ಬ್ಯಾಂಕ್ ತೆರೆಯುವುದು ಬಲು ಸುಲಭವಾಯಿತು. ಬ್ಯಾಂಕುಗಳ ಸಂಖ್ಯೆ ಇನ್ನೂರನ್ನು ಮೀರಿತು. ಅವುಗಳಲ್ಲಿ ಅನೇಕವು ದೊಡ್ಡ ಉದ್ಯಮ ಸಮೂಹಗಳ ಒಡೆತನದಲ್ಲಿದ್ದು, ಜನರ ಠೇವಣಿಯು ಮಾಲಕರದೇ ಕಂಪೆನಿಗಳಿಗೆ ಸಾಲವಾಗಿ ಹರಿಯುತ್ತಿತ್ತು. ಮೇಲಾಗಿ ಆ ಕಂಪೆನಿಗಳು ಡಾಲರಿನಲ್ಲೂ ಸಾಲ ಮಾಡಿದ್ದವು. ಅವುಗಳ ಆದಾಯವೋ ಬಹುಪಾಲು ರುಪಿಯಾದಲ್ಲಿತ್ತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯೊಂದಿಗಿನ ಒಪ್ಪಂದದಂತೆ 1997ರ ನವೆಂಬರ್ 1ರಂದು ಹದಿನಾರು ಬ್ಯಾಂಕುಗಳಿಗೆ ಬೀಗ ಬಿತ್ತು. ಠೇವಣಿಗೆ ಪೂರ್ಣ ಖಾತರಿಯಿರಲಿಲ್ಲ. ಮುಂದಿನ ಸರದಿ ಯಾರದೆಂದು ತಿಳಿಯದ ಜನರು ಸುಸ್ಥಿತಿಯಲ್ಲಿದ್ದ ಬ್ಯಾಂಕುಗಳಿಂದಲೂ ಹಣ ಹಿಂದೆಗೆಯಲು ಮುಗಿಬಿದ್ದರು. ಖಾತರಿ ಘೋಷಣೆಯಾದುದು 1998ರ ಜನವರಿಯಲ್ಲಿ. ರುಪಿಯಾ ಆಗಲೇ ಪಾತಾಳ ಕಂಡಿತ್ತು.

ಮಲೇಷ್ಯಾವು ಅದೇ ವರ್ಷ ವಸೂಲಾಗದ ಸಾಲಗಳನ್ನು ಖರೀದಿಸಲು ‘ದಾನಹರ್ತ’, ಬ್ಯಾಂಕುಗಳಿಗೆ ಬಂಡವಾಳ ತುಂಬಲು ‘ದಾನಮೋದಲ್’ ಎಂಬ ಸಂಸ್ಥೆಗಳನ್ನು ಕಟ್ಟಿತು. ಸೆಪ್ಟೆಂಬರಿನಲ್ಲಿ ಡಾಲರಿಗೆ 3.80 ರಿಂಗಿಟ್ ಎಂದು ದರ ನಿಗದಿಪಡಿಸಿ, ಬಂಡವಾಳದ ಹೊರಹರಿವಿಗೆ ತಡೆಯೊಡ್ಡಿತು. ಆ ತಡೆಯೇ ಮಲೇಷ್ಯಾವನ್ನು ಉಳಿಸಿತೆಂದು ನಮ್ಮಲ್ಲಿ ಹಲವರು ಅಭಿಮಾನದಿಂದ ಹೇಳುವುದುಂಟು. ನಮಗದು ಅರ್ಧಸತ್ಯವೆನಿಸುತ್ತದೆ. ಏಕೆಂದರೆ ಕೊರಿಯಾ ವಿದೇಶಿ ಬಂಡವಾಳಕ್ಕೆ ಇನ್ನಷ್ಟು ಬಾಗಿಲು ತೆರೆದೂ ಚೇತರಿಸಿಕೊಂಡಿತು. ಹಾಳಾದ ಸಾಲಗಳನ್ನು ಬ್ಯಾಂಕುಗಳಿಂದ ಬೇಗನೆ ಬೇರ್ಪಡಿಸಿದ್ದು ಎರಡೂ ದೇಶಗಳಿಗೆ ಸಮಾನವಾದ ಅಂಶ.

ಇನ್ನು ಬ್ಯಾಂಕ್ ರಕ್ಯಾತ್ ಇಂಡೋನೇಷ್ಯಾದ ವಿಚಾರ. ಸರಕಾರಿ ಒಡೆತನದ ಈ ಬ್ಯಾಂಕಿನ ಗ್ರಾಮೀಣ ಘಟಕಗಳಿಂದ ಸಣ್ಣ ಸಾಲ ಪಡೆದಿದ್ದ ಕೃಷಿಕರು, ಸಂತೆಯ ವ್ಯಾಪಾರಿಗಳು ಬಿಕ್ಕಟ್ಟಿನ ನಡುವೆಯೂ ಬಹುತೇಕ ಕಂತು ತಪ್ಪಿಸಲಿಲ್ಲ. ಅಲ್ಲಿ ಠೇವಣಿಯೂ ಹೆಚ್ಚಿತು. ಅದೇ ಬ್ಯಾಂಕು ದೊಡ್ಡ ಉದ್ಯಮಗಳಿಗೆ ಕೊಟ್ಟ ಸಾಲ ಮುಳುಗಿತು. ಕೊನೆಗೆ ಸರಕಾರವು ಬಾಂಡ್‌ಗಳ ಮೂಲಕ ಅದಕ್ಕೂ ಬಂಡವಾಳ ತುಂಬಬೇಕಾಯಿತು. ಆ ಬಾಂಡ್‌ಗಳ ಬಡ್ಡಿ ಬೊಕ್ಕಸದಿಂದ ಹೋಯಿತು, ಅರ್ಥಾತ್ ತನ್ನ ಸಾಲವನ್ನು ಅದಾಗಲೇ ತೀರಿಸಿದ್ದ ಸಂತೆಯ ವ್ಯಾಪಾರಿಯ ತೆರಿಗೆಯಿಂದಲೂ.